ಸಂತೆಯಲ್ಲಿಯೂ ನಿದ್ದೆ

ಚಿಂತೆಯಿಲ್ಲದವನಿಗೆ ಸಂತೆಯಲ್ಲಿಯೂ ನಿದ್ದೆ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಜನ ಇದನ್ನು ಸಾಮಾನ್ಯವಾಗಿ ಸೋಮಾರಿಯನ್ನು ಹಳಿಯುವುದಕ್ಕೆ ಬಳಸುತ್ತಾರೆ. ಆದರೆ ಗಾದೆ ಹೇಳುವ ಸಂಗತಿ ಅದಕ್ಕಿಂತ ದೊಡ್ಡದು. ನಿದ್ದೆಗೆ ಅಡ್ಡಿಯಾಗುವುದು ಹೊರಗಿನ ಗದ್ದಲಕ್ಕಿಂತ ಹೆಚ್ಚಾಗಿ ಒಳಗಿನ ಗದ್ದಲ. ಊರೆಲ್ಲ ಮಲಗಿ, ದೀಪವಾರಿ, ಹಾಸಿಗೆ ಸಿದ್ಧವಾಗಿದ್ದರೂ ಕೆಲವರ ತಲೆಯೊಳಗೆ ಆಗಷ್ಟೇ ಸಂತೆ ಕೂಡತೊಡಗುತ್ತದೆ. ಹಗಲಿನಲ್ಲಿ ಆಡಬಾರದೆ ಆಡಿದ ಮಾತು, ಆಡಬೇಕಾಗಿದ್ದು ಆಡದೆ ಉಳಿದ ಮಾತು, ನಾಳೆ ಒಪ್ಪಿಸಬೇಕಾದ ಲೆಕ್ಕ, ಎಂದೋ ಆದ ಅವಮಾನ, ಎಲ್ಲವೂ ತಮ್ಮ ತಮ್ಮ ಅಂಗಡಿಯನ್ನು ತೆರೆದು ಕುಳಿತುಕೊಳ್ಳುತ್ತವೆ.

ಈ ಸಂಕಟ ಹೊಸದಲ್ಲ. ಮಹಾಭಾರತದ ಉದ್ಯೋಗಪರ್ವದಲ್ಲಿ ಒಂದು ಭಾಗಕ್ಕೆ ‘ಪ್ರಜಾಗರ’ವೆಂದೇ ಹೆಸರು. ಪ್ರಜಾಗರವೆಂದರೆ ನಿದ್ದೆಯಿಲ್ಲದೆ ಎಚ್ಚರವಾಗಿರುವುದು. ಪಾಂಡವರ ಬಳಿಗೆ ಹೋಗಿದ್ದ ಸಂಜಯನು ಹಿಂದಿರುಗಿ ಬಂದು ಧೃತರಾಷ್ಟ್ರನ ನಡತೆಯನ್ನು ಅವನೆದುರಿನಲ್ಲಿಯೇ ಖಂಡಿಸುತ್ತಾನೆ. ಯುಧಿಷ್ಠಿರನ ಮಾತನ್ನು ಮರುದಿನ ಸಭೆಯಲ್ಲಿ ತಿಳಿಸುವೆನೆನ್ನುತ್ತಾನೆ. ರಥದ ವೇಗದಿಂದ ಬಳಲಿದ್ದ ಆತ ಅಪ್ಪಣೆ ಪಡೆದು ಮಲಗಲು ಹೋಗುತ್ತಾನೆ. ಅರಮನೆಯ ಹಾಸಿಗೆಯಲ್ಲಿದ್ದ ಅರಸನಿಗೆ ಮಾತ್ರ ನಿದ್ದೆ ಹತ್ತದು. ಅವನು ವಿದುರನನ್ನು ಕರೆಸಿಕೊಳ್ಳುತ್ತಾನೆ. ಬಲಿಷ್ಠರ ಹಗೆಗೆ ಸಿಕ್ಕಿದ ದುರ್ಬಲ, ಸೊತ್ತನ್ನು ಕಳೆದುಕೊಂಡವನು, ಕಾಮಿ, ಕಳ್ಳ, ಇಂಥವರಿಗೆ ನಿದ್ದೆ ಬಾರದೆಂದು ಹೇಳಿದ ವಿದುರ, ಈ ದೋಷಗಳಾವುವೂ ನಿನ್ನನ್ನು ಮುಟ್ಟಿಲ್ಲವಷ್ಟೆ, ಪರರ ಸೊತ್ತಿಗೆ ಆಸೆಪಟ್ಟು ನೀನು ಬೇಯುತ್ತಿಲ್ಲವಷ್ಟೆ ಎಂದು ಕೇಳುತ್ತಾನೆ. ಇದಕ್ಕಿಂತ ಮೊನಚಾದ ಪ್ರಶ್ನೆಯನ್ನು ಯಾವ ವೈದ್ಯನೂ ರೋಗಿಗೆ ಕೇಳಿರಲಾರ.

ಅರಸ ಇರುಳೆಲ್ಲ ನೀತಿಯನ್ನು ಕೇಳಿದ, ತಲೆದೂಗಿದ. ವಿದುರನ ಮಾತು ನಿಜವಾದರೂ ದುರ್ಯೋಧನನನ್ನು ಕಂಡೊಡನೆ ತನ್ನ ಬುದ್ಧಿ ತಿರುಗಿಬಿಡುವುದೆಂದು ಕೊನೆಗೆ ಒಪ್ಪಿಕೊಂಡ. ಲೋಕಕ್ಕೆ ವಿದುರನೀತಿ ದೊರೆಯಿತು. ಧೃತರಾಷ್ಟ್ರನಿಗೆ ನಿದ್ದೆ ದೊರೆಯಲಿಲ್ಲ. ಅವನಿಗೆ ಬೇಕಾಗಿದ್ದುದು ಉಪದೇಶವಲ್ಲ, ಪಾಂಡವರು ಕೇಳಿದ ಐದು ಊರುಗಳನ್ನಾದರೂ ಕೊಡುವೆನೆಂಬ ಒಂದು ತೀರ್ಮಾನ.

ಸಾಮಾನ್ಯರ ಚಿಂತೆಗಳು ರಾಜ್ಯದಷ್ಟು ದೊಡ್ಡವಲ್ಲ. ಸಂಜೆಯೊಳಗೆ ತೀರಿಸಬಹುದಾದುದನ್ನು ತೀರಿಸದೆ ಹಾಸಿಗೆಗೆ ಹೊತ್ತುಕೊಂಡು ಹೋಗುವುದರಿಂದಲೇ ಅವು ದೊಡ್ಡವಾಗುತ್ತವೆ. ಗೆಳೆಯನೊಡನೆ ಜಗಳವಾಡಿದ ಹುಡುಗನಿಗೆ ಬಿಸಿಹಾಲಿಗಿಂತ, ಅವನ ಮನೆಯ ಬಾಗಿಲಿಗೆ ಹೋಗಿ ಆಡುವ ಎರಡು ಮಾತು ಹೆಚ್ಚು ಗುಣಕಾರಿ. ಇರುಳಿನಲ್ಲಿ ತೀರಿಸಲಾಗದ ಬಾಕಿಗಳೂ ಉಂಟು. ನಾಳೆಯ ಪರೀಕ್ಷೆಯನ್ನು ಇಂದೇ ಬರೆದು ಮುಗಿಸಲಾಗದು. ಅಂಥವುಗಳಿಗೆ ಉಪಾಯ ಕಾಗದ. ಅಮೆರಿಕದ ಬೇಲರ್ ವಿಶ್ವವಿದ್ಯಾನಿಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 57 ಮಂದಿ ತರುಣ ತರುಣಿಯರು ಮಲಗುವ ಮುನ್ನ 5 ನಿಮಿಷ ಬರೆದರು. ಕೆಲವರು ಮಾಡಿ ಮುಗಿಸಿದ ಕೆಲಸಗಳನ್ನು, ಉಳಿದವರು ಮುಂದೆ ಮಾಡಬೇಕಾದ ಕೆಲಸಗಳನ್ನು ಪಟ್ಟಿಮಾಡಿದರು. ಮಾಡಬೇಕಾದುದನ್ನು ಬರೆದವರು ಸುಮಾರು 9 ನಿಮಿಷ ಬೇಗ ನಿದ್ದೆಹೋದರು. ಒಂಬತ್ತು ನಿಮಿಷವೇನು ಮಹಾ ಎನ್ನುವವರು ಕತ್ತಲಲ್ಲಿ ಹೊರಳಾಡುತ್ತ ಒಂಬತ್ತು ನಿಮಿಷ ಕಳೆದು ನೋಡಿದವರಲ್ಲ. ನೆನಪಿನಲ್ಲಿ ಹೊತ್ತುಕೊಳ್ಳಬೇಕಾದುದನ್ನು ಕಾಗದ ಹೊತ್ತುಕೊಂಡರೆ ಮನಸ್ಸಿಗೆ ಕಾವಲು ಕಾಯುವ ಕೆಲಸ ತಪ್ಪುತ್ತದೆ.

ಬಹುಮಂದಿ ಮಾಡುವುದು ಇದಕ್ಕೆ ವಿರುದ್ಧ. ಅವರು ಮನಸ್ಸಿನೊಡನೆ ಕುಸ್ತಿಗೆ ಇಳಿಯುತ್ತಾರೆ. ಮದ್ದು ಕುಡಿಯುವಾಗ ಮಂಗನನ್ನು ನೆನೆಯಬೇಡವೆಂದು ವೈದ್ಯ ಹೇಳಿದ ಮೇಲೆ ರೋಗಿಗೆ ಬಟ್ಟಲೆತ್ತಿದಾಗಲೆಲ್ಲ ಮಂಗನೇ ಕಾಣಿಸಿದ ಕಥೆ ಹಳೆಯದು. 1987ರಲ್ಲಿ ಡೇನಿಯಲ್ ವೆಗ್ನರ್ ಎಂಬ ಮನಶ್ಶಾಸ್ತ್ರಜ್ಞ ಮಂಗನಿಗೆ ಬದಲಾಗಿ ಬಿಳಿಯ ಕರಡಿಯನ್ನು ಮುಂದಿಟ್ಟು ಇದನ್ನೇ ಪರೀಕ್ಷಿಸಿದ. ಅದನ್ನು ನೆನೆಯಬಾರದು, ನೆನೆದರೆ ಗಂಟೆ ಬಾರಿಸಬೇಕು ಎಂದು ಹೇಳಿಸಿಕೊಂಡವರು ಗಂಟೆಯನ್ನು ಮತ್ತೆ ಮತ್ತೆ ಬಾರಿಸಿದರು. ಮಲಗು ಮಲಗೆಂದು ಮನಸ್ಸನ್ನು ಗದರಿಸುವವನ ಪಾಡೂ ಇಷ್ಟೇ. ಗಡಿಯಾರವನ್ನು ನೋಡಿ ಇನ್ನು ನಾಲ್ಕೇ ಗಂಟೆ ಉಳಿದಿದೆಯೆಂದು ಎಣಿಸುವುದಂತೂ ಇದ್ದ ಜೊಂಪನ್ನೂ ಓಡಿಸುತ್ತದೆ. ಅದಕ್ಕಿಂತ ಉಸಿರು ಒಳಹೋಗಿ ಹೊರಬರುವುದನ್ನು ಗಮನಿಸುತ್ತಿರುವುದು, ಅಜ್ಜಿಯ ಊರಿನ ಬೀದಿಯಲ್ಲಿ ಮನೆಮನೆಯನ್ನೂ ನೆನೆಯುತ್ತ ಮೆಲ್ಲನೆ ನಡೆಯುವುದು ಮೇಲು. ಆಗಲೂ ನಿದ್ದೆ ಬಾರದಿದ್ದರೆ ಎದ್ದು ಹೋಗಿ ಮಂದ ಬೆಳಕಿನಲ್ಲಿ ಕುಳಿತು, ಕಣ್ಣೆಳೆದಾಗ ಮರಳುವುದು ಲೇಸೆಂದು ರಿಚರ್ಡ್ ಬೂಟ್ಜಿನ್ 1972ರಲ್ಲಿಯೇ ಸೂಚಿಸಿದ. ಹಾಸಿಗೆ ಚಿಂತೆಯ ಪೀಠವಾಗಬಾರದೆಂಬುದು ಅದರ ಮರ್ಮ. ಎದ್ದವನ ಕೈಗೆ ಮೊಬೈಲ್ ಬಂದರೆ ಹೊಸ ಸಂತೆಯೇ ಆರಂಭವಾಯಿತೆನ್ನಬೇಕು! ವಾರಗಟ್ಟಲೆ ನಿದ್ದೆಗೆಟ್ಟವನು ವೈದ್ಯರನ್ನು ಕಾಣತಕ್ಕದ್ದು.

ವಿದ್ಯಾರ್ಥಿಗಳ ನಿದ್ದೆಗೇಡಿಗೆ ಅವರಷ್ಟೇ ಹೊಣೆಯಲ್ಲ. ನಮ್ಮ ಮನೆಗಳಲ್ಲಿ ಅಂಕಗಳ ವಿಚಾರಣೆ ನಡೆಯುವುದು ಹೆಚ್ಚಾಗಿ ರಾತ್ರಿಯ ಊಟದ ಹೊತ್ತಿನಲ್ಲಿ. ನೆರೆಮನೆಯ ಹುಡುಗನ ಕೊಠಡಿಯಲ್ಲಿ ಎರಡು ಗಂಟೆಯವರೆಗೆ ದೀಪ ಉರಿಯುತ್ತಿತ್ತೆಂಬ ಹೊಗಳಿಕೆಯೂ ಆಗಲೇ. ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆಗಳ ನಿದ್ದೆ ಬೇಕೆಂದು ತಜ್ಞರು ಹೇಳುತ್ತಾರೆ. ಚಿಂತೆಯಿಲ್ಲದಿದ್ದರೆ ಮಕ್ಕಳು ಓದುವುದಿಲ್ಲವೆಂಬ ಹಿರಿಯರ ವಾದದಲ್ಲಿ ಸ್ವಲ್ಪ ಸತ್ಯವಿರಬಹುದು. ಆದರೆ ಆ ಚಿಂತೆಯ ಉಪಯೋಗವೆಲ್ಲ ಹಗಲಿನಲ್ಲಿ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಜೆಂಕಿನ್ಸ್ ಮತ್ತು ಡ್ಯಾಲನ್‌ಬಾಕ್ ಎಂಬವರು ಇಬ್ಬರು ವಿದ್ಯಾರ್ಥಿಗಳಿಗೆ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಕಲಿಸಿ, 1924ರಲ್ಲಿ ಪರಿಣಾಮವನ್ನು ಪ್ರಕಟಿಸಿದರು. ಕಲಿತು ಎಚ್ಚರವಾಗಿದ್ದಾಗ ಮರೆತದ್ದು ಹೆಚ್ಚು. ಕಲಿತು ಮಲಗಿದಾಗ ಮರೆತದ್ದು ಕಡಮೆ. ಅನಂತರ ನಡೆದ ಅನೇಕ ಪ್ರಯೋಗಗಳೂ ನೆನಪನ್ನು ನಿದ್ದೆ ಗಟ್ಟಿಗೊಳಿಸುವುದೆಂದು ತೋರಿಸಿವೆ. ಪೈಥಾಗೊರಸನ ಪ್ರಮೇಯ ಅರ್ಧಕ್ಕೆ ನಿಂತಿದೆಯೆಂದು ಒಂದು ಚೀಟಿಯಲ್ಲಿ ಬರೆದು, ಪುಸ್ತಕವನ್ನು ಮುಚ್ಚಿ ಮಲಗಿದ ಹುಡುಗಿ ಓದನ್ನು ನಿಲ್ಲಿಸಿಲ್ಲ. ಬೆಳಗ್ಗೆ ಎದ್ದಾಗ ಚೀಟಿ ಇಟ್ಟಲ್ಲಿಯೇ ಇರುತ್ತದೆ.