ತಾರಸಿಯ ಮೇಲಿನ ಗುಳ್ಳೆ

ಮುಂಬಯಿಯ ಹೌಸಿಂಗ್ ಸೊಸೈಟಿಗಳಲ್ಲಿ ಮೇ ತಿಂಗಳು ಬಂತೆಂದರೆ ಎಲ್ಲರ ಕಣ್ಣೂ ತಾರಸಿಯ ಕಡೆಗೆ ತಿರುಗುತ್ತದೆ. ಉಳಿದ ಕಾಲದಲ್ಲಿ ಅಲ್ಲಿಗೆ ಹತ್ತುವವರು ಹಪ್ಪಳ ಒಣಗಿಸುವವರು ಮತ್ತು ಗಾಳಿಪಟದ ಹುಡುಗರು ಮಾತ್ರ. ಈ ಸಲ ನಮ್ಮ ಕಟ್ಟಡದ ಸಭೆ ಒಂದೂವರೆ ತಾಸು ಹಿಡಿದದ್ದು ಒಂದೇ ವಿಷಯಕ್ಕೆ: ಹೋದ ವರ್ಷ ಹಾಸಿದ ಕರಿಯ ಡಾಂಬರು ಶೀಟಿನಲ್ಲಿ ಎದ್ದ ಗುಳ್ಳೆಗಳು. ಕೆಲವು ಊಟದ ತಟ್ಟೆಯಷ್ಟು. ಎರಡಂತೂ ಮೊರದಷ್ಟು ಅಗಲ. "ಬ್ಲೇಡು ಹಾಕಿ ಗಾಳಿ ಬಿಟ್ಟುಬಿಡಿ" ಎಂದರು ಒಬ್ಬರು. "ಎಲ್ಲ ಕಿತ್ತು ಹೊಸದು ಹಾಕಿಸಿ" ಎಂದರು ಮತ್ತೊಬ್ಬರು. ನೆಲ ಅಂತಸ್ತಿನವರು ಖರ್ಚಿನ ಮಾತು ಬಂದೊಡನೆ ಎಂದಿನಂತೆ ಮೌನ ತಾಳಿದರು. ಹೋದ ಮಳೆಗಾಲದಲ್ಲಿ ಕೋಣೆಯ ಮೇಲ್ಗಿಲಾವು ಹಾಸಿಗೆಯ ಮೇಲೆಯೇ ಉದುರಿದ್ದ ಮೇಲಂತಸ್ತಿನ ಅಜ್ಜಿ ಮಾತ್ರ, "ಗುಳ್ಳೆ ಒಡೆದರೆ ನನ್ನ ಕೋಣೆ ಒಣಗುತ್ತದೆಯೇನಪ್ಪಾ?" ಎಂದು ಕೇಳಿದರು. ಅಂದಿನ ಸಭೆಯಲ್ಲಿ ಅರ್ಥವುಳ್ಳ ಪ್ರಶ್ನೆ ಅದೊಂದೇ ಎಂದು ನಮ್ಮ ಅಭಿಪ್ರಾಯ.

"ಒಳಗಿರುವುದು ಬರೀ ಗಾಳಿ, ಸಾಹೇಬರೇ" ಎಂದು ಕಂತ್ರಾಟುದಾರ ಸಮಾಧಾನ ಹೇಳಿದ. ಬರೀ ಗಾಳಿಯಾಗಿದ್ದರೆ ಇಷ್ಟು ಉಬ್ಬುತ್ತಿರಲಿಲ್ಲ. ಬಾಣಲೆಯಲ್ಲಿ ಪೂರಿ ಉಬ್ಬುವುದು ಹಿಟ್ಟಿನೊಳಗಿನ ನೀರು ಆವಿಯಾಗುವುದರಿಂದ. ಇಲ್ಲಿಯೂ ಅದೇ ಕತೆ. ಶೀಟಿನ ಕೆಳಗಿನ ಉಷ್ಣತೆ ಬೆಳಗ್ಗೆ 25 ಡಿಗ್ರಿ, ಮಧ್ಯಾಹ್ನ 65 ಡಿಗ್ರಿ ಎಂದಿಟ್ಟುಕೊಳ್ಳೋಣ. ಒಣಗಾಳಿಯಾದರೆ ಸುಮಾರು ಎಂಟರಲ್ಲೊಂದು ಪಾಲು ಹಿಗ್ಗೀತು. ಕೆಳಗೆ ಹಸಿಯಿದ್ದರೆ ಅದೇ ಬಿಸಿಲಿಗೆ ನೀರಾವಿಯ ಒತ್ತಡ ಎಂಟು ಪಟ್ಟಾಗುತ್ತದೆ, ಗುಳ್ಳೆ ಹೆಚ್ಚುಕಡಿಮೆ ಅರ್ಧಪಾಲು ಹಿಗ್ಗಲು ಹವಣಿಸುತ್ತದೆ. ಸಂಜೆ ಕುಗ್ಗುತ್ತದೆ, ಮರುದಿನ ಮತ್ತೆ ಉಬ್ಬುತ್ತದೆ. ಪ್ರತಿಸಲವೂ ಅಂಚು ಕೂದಲೆಳೆಯಷ್ಟು ಬಿಡುತ್ತ ಹೋಗುತ್ತದೆ.

ಆ ಹಸಿ ಬಂದದ್ದಾದರೂ ಎಲ್ಲಿಂದ? ನಮ್ಮ ಹಳೆಯ ಕಟ್ಟಡಗಳಲ್ಲಿ ಶೀಟಿನ ಅಡಿಗೆ ಬ್ರಿಕ್‌ಬ್ಯಾಟ್ ಕೋಬಾ ಉಂಟು, ಅಂದರೆ ಒಡೆದ ಇಟ್ಟಿಗೆಯನ್ನು ಸಿಮೆಂಟಿನಲ್ಲಿ ಕೂರಿಸಿ ನೀರು ಹರಿಯುವಂತೆ ಓರೆ ಕೊಟ್ಟ ಹಾಸು. ಸಾಧಾರಣ ಇಟ್ಟಿಗೆ ತನ್ನ ತೂಕದ ನೂರಕ್ಕೆ 20 ಪಾಲಿನವರೆಗೂ ನೀರು ಕುಡಿಯಬಲ್ಲದು. ಮಳೆ ನಿಂತ ವಾರದಲ್ಲೇ ಗ್ಯಾಸಿನ ಬರ್ನರ್ ಹಿಡಿದು ಶೀಟು ಅಂಟಿಸಿದರೆ ಒಣಗುವುದು ಮೇಲಿನ ಚರ್ಮವೊಂದೇ. ಒಡಲಿನ ನೀರು ಒಡಲಲ್ಲೇ ಉಳಿಯಿತು.

ಈ ಕಾಯಿಲೆ ನಮ್ಮದೊಂದೇ ಅಲ್ಲ. ಅಮೆರಿಕೆಯಲ್ಲಿ ಚಕ್ರದ ಮೇಲಿನ ಮನೆಗಳುಂಟು. ಅಡಿಗೆ, ಹಾಸಿಗೆ ಎಲ್ಲ ಒಳಗೇ ಇಟ್ಟುಕೊಂಡು ಊರೂರು ತಿರುಗುವ ಗಾಡಿಗಳು. ಅವುಗಳಲ್ಲಿ ಅನೇಕಕ್ಕೆ ಇ.ಪಿ.ಡಿ.ಎಂ. ಎಂಬ ಕೃತಕ ರಬ್ಬರಿನ ತೆಳುಹಾಳೆಯೇ ಸೂರು, ತೆಳ್ಳನೆಯ ಪ್ಲೈವುಡ್ಡಿನ ಮೇಲೆ ಅಂಟಿಸಿದ್ದು. ಅಂಟು ಬಿಟ್ಟಲ್ಲಿ ಅಲ್ಲಿಯೂ ಗುಳ್ಳೆ ಏಳುತ್ತದೆ, ಅಲ್ಲಿಯೂ ಮಾಲೀಕನ ಕೈ ಮೊದಲು ಹೋಗುವುದು ಚಾಕುವಿಗೇ. ಹರಿಯದ ರಬ್ಬರು ಗುಳ್ಳೆ ಎದ್ದರೂ ನೀರು ತಡೆಯುತ್ತದೆ. ಕೊಯ್ದ ಮೇಲೆ ತಡೆಯದು. ಕೆಳಗಿನ ಹಲಗೆ ನೆನೆದು ಕೊಳೆಯುವುದು ಆಮೇಲಿನ ಮಾತು. ಒರೆಸುವ ಎಣ್ಣೆಯ ವಿಚಾರದಲ್ಲೂ ಎರಡು ಸೂರುಗಳೂ ದಾಯಾದಿಗಳು: ಸೀಮೆಎಣ್ಣೆ ತಾಗಿದರೆ ಆ ರಬ್ಬರು ಊದಿಕೊಳ್ಳುತ್ತದೆ, ನಮ್ಮ ಡಾಂಬರು ಕರಗುತ್ತದೆ.

ಹಾಗಾದರೆ ಅಜ್ಜಿಯ ಪ್ರಶ್ನೆಗೆ ಉತ್ತರ: ಇಲ್ಲ, ಒಣಗುವುದಿಲ್ಲ. ನೀರು ಒಳಹೊಗುವುದು ಹೆಚ್ಚಾಗಿ ಶೀಟು ಮುಗಿಯುವ ಕಡೆ: ಪ್ಯಾರಾಪೆಟ್ ಗೋಡೆಯ ಮೂಲೆ, ನೀರಿಳಿಯುವ ಕೊಳವೆಯ ಬಾಯಿ, ಟಾಕಿಯ ಕಂಬದ ಬುಡ. ಅಜ್ಜಿಯ ಕೋಣೆಯ ಕಲೆಯ ನೇರ ಮೇಲೆ ಗುಳ್ಳೆ ಒಂದೂ ಇಲ್ಲ. ಗೋಡೆಯಿಂದ ಶೀಟು ಬೆರಳು ತೂರುವಷ್ಟು ಬಿಟ್ಟುಕೊಂಡಿದೆ. ಸ್ಲ್ಯಾಬಿನೊಳಗಿನ ಕಬ್ಬಿಣ ತುಕ್ಕು ಹಿಡಿದರೆ ಆ ತುಕ್ಕು ಮೂಲ ಕಬ್ಬಿಣಕ್ಕಿಂತ ಎಷ್ಟೋ ಹೆಚ್ಚು ಜಾಗ ಬೇಡುತ್ತದೆ, ಕಾಂಕ್ರೀಟನ್ನು ಒಡೆದು ತಳ್ಳುತ್ತದೆ. ಉದುರಿದ ಗಿಲಾವು ಅದರ ಸೂಚನೆ. ನಿದ್ರಿಸುವವರ ತಲೆಯ ಮೇಲಿನ ಮಾತಿದು. ಕಮಿಟಿಯ ಹಣ ಮೊದಲು ಆ ಮೂಲೆಗೆ ಹೋಗತಕ್ಕದ್ದು.

ಗುಳ್ಳೆಗಳಿಗೆ ಸೀಮೆಸುಣ್ಣ ಸಾಕು, ಸದ್ಯಕ್ಕೆ. ಪ್ರತಿಯೊಂದರ ಸುತ್ತ ಗೆರೆ ಎಳೆದು ತಾರೀಖು ಬರೆದಿಡಿ. (ತಾರೀಖಿಲ್ಲದ ಕಾಗದಕ್ಕೆ ನಮ್ಮ ಕಚೇರಿಯಲ್ಲೂ ಬೆಲೆಯಿಲ್ಲ.) ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಎರಡಕ್ಕೆ ಒಮ್ಮೆ ನೋಡಿ. ಗೆರೆ ದಾಟದಿದ್ದರೆ, ಬಿರುಕಿಲ್ಲದಿದ್ದರೆ, ಮುಟ್ಟದೆ ಬಿಡಿ. ಗೆರೆ ದಾಟಿದರೆ, ಇಲ್ಲವೆ ಶೀಟಿನ ಜೋಡಣೆಯ ಮೇಲೆ ಎದ್ದಿದ್ದರೆ, ಅಡ್ಡಡ್ಡ ಕೊಯ್ದು ನಾಲ್ಕು ಕಿವಿಗಳನ್ನೂ ಮಡಿಸಿ, ಚೆನ್ನಾಗಿ ಒಣಗಲು ಬಿಟ್ಟು, ಮತ್ತೆ ಅಂಟಿಸಿ, ಕೊಯ್ತದ ಆಚೆ ಎಲ್ಲ ಕಡೆಗೂ ಕನಿಷ್ಠ 10 ಸೆಂಟಿಮೀಟರು ಚಾಚುವಂತೆ ತೇಪೆ ಹಾಕಿಸಬೇಕು. ಒಣಗಿತೇ ಎಂದು ತಿಳಿಯಲು ಕಂತ್ರಾಟುದಾರನ ಆಣೆ ಬೇಡ: ಒಂದು ಮೊಳ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಬರಿಯ ಕೋಬಾಕ್ಕೆ ಟೇಪಿನಿಂದ ನಾಲ್ಕೂ ಕಡೆ ಬಿಗಿಯಾಗಿ ಅಂಟಿಸಿ, ಹದಿನಾರು ಗಂಟೆ ಬಿಟ್ಟು ಎತ್ತಿ ನೋಡಿ. ಅಡಿಯಲ್ಲಿ ಬೆವರು ಕಂಡರೆ ಇನ್ನೂ ಹಸಿ.

ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮುಂಬಯಿಗೆ ಮಳೆ ಕಾಲಿಡುವುದು ಜೂನ್ 11ಕ್ಕೆ. ಮೂಲೆಯ ಕೆಲಸ ಮೇ ತಿಂಗಳಲ್ಲೇ ಮುಗಿಯಬೇಕು. ಅಲ್ಲಿಯವರೆಗೆ ಹಪ್ಪಳ ಒಣಗಿಸುವ ತಾಯಂದಿರಲ್ಲಿ ಒಂದು ವಿನಂತಿ: ಮಂಚವನ್ನು ಶೀಟಿನ ಮೇಲೆ ಎಳೆಯದೆ, ಇಬ್ಬರು ಸೇರಿ ಎತ್ತಿಡಿ, ಕಾಲುಗಳ ಕೆಳಗೆ ಗೋಣಿಯ ತುಂಡು ಇರಲಿ.