ಹೊರರಾಜ್ಯದ ಚಲನ್: ತಕರಾರು ಎಲ್ಲಿ ಹೇಳಬೇಕು?



ದಂಡ ಬಾಕಿ ಉಳಿಸಿಕೊಂಡ ವಾಹನ ಮಾಲೀಕರ ಮೇಲೆ ಕಠಿಣ ಕ್ರಮ ಎಂಬ ನಿಮ್ಮ ವರದಿ ಓದಿದೆ. ಬಾಕಿ ಏಕೆ ಉಳಿಯುತ್ತದೆ ಎಂದು ಯಾರೂ ಕೇಳುತ್ತಿಲ್ಲ. ನನ್ನದೂ ಒಂದು ಬಾಕಿ ಇದೆ, ಅದಕ್ಕೇ ಈ ಪತ್ರ.

ಮಗಳ ಮನೆಗೆಂದು ಕಾರಿನಲ್ಲಿ ನೆರೆರಾಜ್ಯಕ್ಕೆ ಹೋಗಿ ಬಂದೆವು. ತಿಂಗಳುಗಳು ಕಳೆದ ಮೇಲೆ ಮೊಬೈಲಿಗೆ ಸಂದೇಶ ಬಂತು: ಅತಿವೇಗ, ದಂಡ 2,000 ರೂಪಾಯಿ. ಚಲನ್ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ಗೆ ಬರುವ ಎಪಿಕೆ ಫೈಲ್ ಒತ್ತಿ ಬ್ಯಾಂಕಿನ ಹಣ ಕಳೆದುಕೊಂಡವರ ಸುದ್ದಿ ನೀವೇ ಎಷ್ಟು ಸಲ ಹಾಕಿಲ್ಲ? ಹಾಗಾಗಿ ಮೊದಲು ನಂಬಲಿಲ್ಲ. ಪರಿವಾಹನ್ ಜಾಲತಾಣದಲ್ಲಿ ಗಾಡಿ ನಂಬರ್ ಹಾಕಿ ನೋಡಿದರೆ ಚಲನ್ ನಿಜವೇ. ಮಿತಿ 80 ಕಿ.ಮೀ., ನನ್ನ ವೇಗ 91 ಎಂದಿದೆ.

ನಾವು ಹೋದಂಥ ನಾಲ್ಕು ಪಥದ ವಿಭಜಿತ ಹೆದ್ದಾರಿಯಲ್ಲಿ ಕಾರಿಗೆ ಗಂಟೆಗೆ 100 ಕಿ.ಮೀ. ಎಂದು 2018ರಲ್ಲಿ ನಿಗದಿ ಮಾಡಿದ್ದು ಕೇಂದ್ರ ಸರ್ಕಾರ. ರಾಜ್ಯಗಳು ಅದನ್ನು ಇಳಿಸಬಹುದು, ಇಳಿಸಿದರೆ ಫಲಕ ಹಾಕಬೇಕು. ಕ್ಯಾಮೆರಾ ಇರುವ ಕಡೆ ಮುಂಚೆಯೇ ಎಚ್ಚರಿಕೆ ಫಲಕ ಇರಬೇಕು, ನೋಟಿಸ್ 15 ದಿನದೊಳಗೆ ಕಳಿಸಬೇಕು ಎಂದು ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರಲ್ಲಿ ಸೇರಿಸಿದ 167ಎ ನಿಯಮ ಹೇಳುತ್ತದೆ. ಫಲಕ ನಮ್ಮ ಕಣ್ಣಿಗೆ ಬೀಳಲಿಲ್ಲ. ನೋಟಿಸ್ 15 ದಿನದಲ್ಲಿ ಬರಲಿಲ್ಲ. ಇಷ್ಟನ್ನೂ ಬರೆದು ಆನ್‌ಲೈನ್‌ನಲ್ಲಿ ದೂರು ಕೊಟ್ಟೆ. ಚಲನ್ ಸರಿಯಾಗಿದೆ ಎಂಬ ಒಂದು ಸಾಲಿನ ಉತ್ತರ ಬಂತು, ಕಾರಣವಿಲ್ಲ. ಅಲ್ಲಿನ ಅಧಿಕಾರಿಗಳಿಗೆ ಫೋನ್ ಮಾಡಿದರೆ ನನಗೆ ಬಾರದ ಭಾಷೆಯಲ್ಲಿ ಗದರಿ ಇಟ್ಟುಬಿಟ್ಟರು.

ಆಮೇಲೆ ಪ್ರಕರಣ ವರ್ಚುವಲ್ ಕೋರ್ಟಿಗೆ ಹೋಯಿತು. ಅಲ್ಲಿ ಎರಡೇ ದಾರಿ: ದಂಡ ಕಟ್ಟು, ಇಲ್ಲವೇ ತಕರಾರು ಹೂಡು. ತಕರಾರು ಎಂದರೆ ಪ್ರಕರಣ ಚಲನ್ ಹಾಕಿದ ಊರಿನ ನ್ಯಾಯಾಲಯಕ್ಕೆ ವರ್ಗವಾಗುತ್ತದೆ. ಹುಬ್ಬಳ್ಳಿಯಿಂದ ಅಲ್ಲಿಗೆ ಹೋಗಿ, ವಕೀಲರನ್ನು ಹಿಡಿದು, ಲಾಡ್ಜಿನಲ್ಲಿ ಉಳಿದು, ವಾಯಿದೆ ಬಿದ್ದರೆ ಮತ್ತೆ ಹೋಗಬೇಕು. 2,000 ರೂಪಾಯಿಗೆ ಯಾರು ಹೋಗುತ್ತಾರೆ? ಹೋಗುವುದಿಲ್ಲ ಎಂಬುದು ಅಲ್ಲಿನ ಅಧಿಕಾರಿಗಳಿಗೂ ಗೊತ್ತು. ಕೆಎ ನಂಬರ್ ಪ್ಲೇಟಿನವರು ದೂರದವರು, ಸುಮ್ಮನೆ ಕಟ್ಟುತ್ತಾರೆ ಎಂಬ ಧೈರ್ಯ. ನಾನು ದಂಡ ತೆರಬೇಕಾಗಿರುವುದು ಊರು ದೂರವಿದೆ ಎಂಬ ಕಾರಣಕ್ಕೆ.

ನಮ್ಮ ಸರ್ಕಾರದ ರೀತಿಯೂ ಸರಿಯಿಲ್ಲ. 2023ರ ಫೆಬ್ರುವರಿಯಲ್ಲಿ ಬಾಕಿ ದಂಡಕ್ಕೆ ಶೇ 50 ರಿಯಾಯಿತಿ ಕೊಟ್ಟರು. 2025ರ ಆಗಸ್ಟಿನಲ್ಲಿ ಮತ್ತೆ ಕೊಟ್ಟರು. ಬೆಂಗಳೂರಿನಲ್ಲಿ ಸಿಗ್ನಲ್ ವಿಚಾರಕ್ಕೆ ಬಂದ ದಂಡವನ್ನು ನಾನು ಅದೇ ವಾರ ಪೂರ್ತಿ ಕಟ್ಟಿದ್ದೆ. ವರ್ಷಗಟ್ಟಲೆ ಕಟ್ಟದೆ ಕುಳಿತವರು ಅರ್ಧ ಕಟ್ಟಿ ಮುಗಿಸಿದರು. ಕಾನೂನಿಗೆ ಮರ್ಯಾದೆ ಕೊಟ್ಟವನಿಗೆ ಇಲ್ಲಿ ಅವಮಾನ, ಗಡಿ ದಾಟಿದರೆ ಬಾಯಿಯೇ ಇಲ್ಲ.

ನಾನಾದರೂ ನಿವೃತ್ತ ನೌಕರ, ಪಿಂಚಣಿ ಬರುತ್ತದೆ. ನಮ್ಮ ಓಣಿಯ ಲಾರಿ ಚಾಲಕನ ಗತಿ ನೋಡಿ. ಭಾರಿ ವಾಹನಕ್ಕೆ ಅತಿವೇಗದ ದಂಡ 2,000ದಿಂದ 4,000 ರೂಪಾಯಿ. ಎರಡನೇ ಸಲವಾದರೆ ಲೈಸೆನ್ಸನ್ನೇ ವಶಕ್ಕೆ ತೆಗೆದುಕೊಳ್ಳಲು ಕಾಯ್ದೆಯಲ್ಲಿ ಅವಕಾಶವಿದೆ. ವಾರಕ್ಕೊಂದು ರಾಜ್ಯ ದಾಟುವವನು ಯಾವ ಯಾವ ಕೋರ್ಟಿಗೆ ಅಲೆಯಬೇಕು? ಮಾಲೀಕ ಅವನ ಸಂಬಳದಲ್ಲೇ ಮುರಿದುಕೊಳ್ಳುತ್ತಾನೆ, ಅಲ್ಲಿಗೆ ತಕರಾರು ಮುಗಿಯಿತು.

ಕೋವಿಡ್ ಕಾಲದಲ್ಲಿ ಕೊಲೆ ಆರೋಪಿಗಳ ಜಾಮೀನು ಅರ್ಜಿಗಳನ್ನೂ ವಿಡಿಯೊ ಮೂಲಕ ಕೇಳಿದ ನ್ಯಾಯಾಲಯಗಳಿಗೆ ಒಂದು ಚಲನ್ ತಕರಾರನ್ನು ಹಾಗೆ ಕೇಳಲು ಏನು ಅಡ್ಡಿ? ಚಾಲಕ ತನ್ನ ತಾಲ್ಲೂಕು ನ್ಯಾಯಾಲಯದಲ್ಲಿ ಕುಳಿತು, ತನ್ನ ಭಾಷೆಯಲ್ಲಿ ಉತ್ತರ ಕೊಡುವಂತಾಗಲಿ. ನಮ್ಮ ಸಂಸದರು ಇದನ್ನು ಲೋಕಸಭೆಯಲ್ಲಿ ಎತ್ತಬೇಕು. ಬಾಕಿದಾರರ ಪಟ್ಟಿ ಪ್ರಕಟಿಸುವ ಪತ್ರಿಕೆಗಳೂ ಇದನ್ನು ಕೇಳಬೇಕು.

ನಾನು ಆ ಹಣ ಇನ್ನೂ ಕಟ್ಟಿಲ್ಲ. ವೇಗ ಅಳೆಯುವ ಯಂತ್ರಕ್ಕೆ ವರ್ಷವರ್ಷ ನವೀಕರಿಸಿದ ಅನುಮೋದನೆ ಪತ್ರ ಇರಬೇಕೆಂದು ಅದೇ 167ಎ ಹೇಳುತ್ತದೆ. ಆ ಪತ್ರದ ಪ್ರತಿ, ಎಚ್ಚರಿಕೆ ಫಲಕದ ಫೋಟೊ ಎರಡನ್ನೂ ಕೇಳಿ ಅಲ್ಲಿನ ಅಧಿಕಾರಿಗಳಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಬರೆದಿದ್ದೇನೆ. ಅವೆರಡೂ ಬಂದ ದಿನವೇ ಪೂರ್ತಿ 2,000 ರೂಪಾಯಿ ಕಟ್ಟುತ್ತೇನೆ.

– ನಿವೃತ್ತ ನೌಕರ, ವಿದ್ಯಾನಗರ, ಹುಬ್ಬಳ್ಳಿ