ಗಂಗಾಬಲ್ ದಡದಲ್ಲಿ ಟ್ರೌಟ್

ಆಗಸ್ಟ್ ಬಂತೆಂದರೆ ದೆಹಲಿ, ಪುಣೆ, ಮುಂಬೈಗಳ ನಮ್ಮ ಬಳಗದಲ್ಲಿ ಯಾರಾದರೂ ಇಬ್ಬರು ಮೂವರು ಕಾಶ್ಮೀರದ ಚಾರಣಕ್ಕೆ ಹೊರಡುತ್ತಾರೆ. ಈಚೆಗೆ ಅವರ ಚೀಲದಲ್ಲಿ ಮಡಚುವ ಗಾಳದ ಕೋಲೂ ಸೇರಿಕೊಳ್ಳುತ್ತಿದೆ. "ಗಂಗಾಬಲ್‌ನಲ್ಲಿ ಟ್ರೌಟ್ ಇದೆಯಂತಲ್ಲ, ದಡದಲ್ಲೇ ನಿಂತು ಹಿಡಿಯಬಹುದಾ?" ಎಂದು ಕೇಳುತ್ತಾರೆ. ಹಿಡಿಯಬಹುದು. ಆದರೆ ಊರಿನ ಕೆರೆಯಲ್ಲಿ ಕಲಿತ ವಿದ್ಯೆ ಅಲ್ಲಿ ಅರ್ಧಕ್ಕರ್ಧ ಕೆಲಸಕ್ಕೆ ಬರುವುದಿಲ್ಲ.

ಗಂಗಾಬಲ್ ಇರುವುದು ಗಾಂದರ್‌ಬಲ್ ಜಿಲ್ಲೆಯಲ್ಲಿ, 5,142 ಮೀಟರ್ ಎತ್ತರದ ಹರ್ಮುಖ ಪರ್ವತದ ಬುಡದಲ್ಲಿ. ಹಳೆಯ ಕಲ್ಲಿನ ದೇವಾಲಯಗಳಿರುವ ನಾರಾನಾಗ್‌ನಿಂದ ನಡಿಗೆ ಶುರು. ಅಲ್ಲಿಂದ ಸುಮಾರು 1,400 ಮೀಟರ್ ಏರಿದರೆ ಸರೋವರ ಸಿಗುತ್ತದೆ, ಪಕ್ಕದಲ್ಲೇ ಅದರ ತಮ್ಮನಂತೆ ನುಂದಕೋಲ್. ಚಳಿಗಾಲದಲ್ಲಿ ಎರಡೂ ಹೆಪ್ಪುಗಟ್ಟುತ್ತವೆ. ಅಷ್ಟು ಎತ್ತರಕ್ಕೆ ದೋಣಿ ಹೊತ್ತು ತರುವವರಿಲ್ಲ, ಹಾಗಾಗಿ ಗಾಳ ಹಾಕುವುದೆಲ್ಲ ದಡದಿಂದಲೇ. ಮೀನುಗಾರಿಕೆ ಇಲಾಖೆಯ ಪರ್ಮಿಟ್ ಬೇಕು. ಅದನ್ನು ಕೆಳಗಡೆಯೇ ಮಾಡಿಸಿಕೊಂಡು ಬರಬೇಕು, ಮೇಲೆ ಫೋನಿಗೆ ಸಿಗ್ನಲ್ ಸಿಗುತ್ತದೆಂದು ನಂಬಿಕೊಳ್ಳಬೇಡಿ.

ಈ ಮೀನು ಕಾಶ್ಮೀರದ್ದಲ್ಲ. 1899ರಲ್ಲಿ ಬ್ರಿಟನ್ನಿನಿಂದ ತರಿಸಿದ ಮೊಟ್ಟೆಗಳು ದಾರಿಯಲ್ಲೇ ಹಾಳಾದವು. 1900ರಲ್ಲಿ ಸ್ಕಾಟ್ಲೆಂಡಿನಿಂದ ಬಂದ ಎರಡನೆಯ ಕಂತು ಬದುಕಿತು. ಶ್ರೀನಗರದಲ್ಲಿ ರತ್ನಗಂಬಳಿ ಕಾರ್ಖಾನೆ ನಡೆಸುತ್ತಿದ್ದ ಫ್ರಾಂಕ್ ಮಿಚೆಲ್ ಅದನ್ನು ಸಾಕಿ ಬೆಳೆಸಿದರು. ಆಮೇಲೆ ಹಾರ್ವಾನ್‌ನಲ್ಲಿ ಮರಿ ಮಾಡಿಸುವ ಕೇಂದ್ರವಾಯಿತು, ಅಲ್ಲಿಂದ ಕಣಿವೆಯ ಹೊಳೆಗಳಿಗೂ ಸರೋವರಗಳಿಗೂ ಮರಿಗಳು ಹೋದವು. ಕಣಿವೆಯಲ್ಲಿ ಮೊದಲಿನಿಂದಲೂ ಇದ್ದ ಮೀನಿಗೆ ಇಂಗ್ಲಿಷಿನವರು ಸ್ನೋ ಟ್ರೌಟ್ ಎಂದು ಹೆಸರಿಟ್ಟರು. ಅದು ನಿಜಕ್ಕೂ ಟ್ರೌಟ್ ಅಲ್ಲ, ನಮ್ಮ ಕಾಟ್ಲಾ, ರೋಹುಗಳ ಕುಟುಂಬದ್ದು. ನೀಲಗಿರಿಯ ಮೇಲಿನ ಹೊಳೆಗಳಿಗೂ ಟ್ರೌಟ್ ತಂದು ಬಿಟ್ಟವರು ಬ್ರಿಟಿಷರೇ. ತಂಪು ನೀರು ಎಲ್ಲಿ ಕಂಡರೂ ಅವರಿಗೆ ತಮ್ಮೂರಿನ ಮೀನು ನೆನಪಾಗುತ್ತಿತ್ತು. ಪರವೂರಿನಲ್ಲಿದ್ದು ಬ್ಯಾಡಗಿ ಮೆಣಸಿನಕಾಯಿ ತರಿಸಿಕೊಳ್ಳುವ ನಮಗೆ ಆ ಹಂಬಲ ಅರ್ಥವಾಗದ್ದೇನಲ್ಲ.

ಮೀನಿಗೆ ತಂಪೇಕೆ ಬೇಕು? ಉಸಿರಿಗಾಗಿ. ನೀರು ತಂಪಾದಷ್ಟೂ ಅದರಲ್ಲಿ ಆಮ್ಲಜನಕ ಹೆಚ್ಚು ಕರಗುತ್ತದೆ. ಸಮುದ್ರಮಟ್ಟದ ಲೆಕ್ಕದಲ್ಲಿ, 10 ಡಿಗ್ರಿಯ ಒಂದು ಲೀಟರ್ ನೀರು 11 ಮಿಲಿಗ್ರಾಮಿನಷ್ಟು ಆಮ್ಲಜನಕ ಹಿಡಿದಿಟ್ಟುಕೊಂಡರೆ, 25 ಡಿಗ್ರಿಯದು 8ರ ಆಸುಪಾಸಿನಲ್ಲಿ ನಿಲ್ಲುತ್ತದೆ. ನಮ್ಮ ಕೆರೆಯ ಕೊರಮೀನು ಮೇಲೆ ಬಂದು ಬಾಯಿ ತೆರೆದು ಗಾಳಿಯನ್ನೇ ಕುಡಿದು ಹೋಗುತ್ತದೆ, ಕೆಸರು ನೀರಿನಲ್ಲೂ ಬದುಕುತ್ತದೆ. ಟ್ರೌಟಿಗೆ ಆ ಸೌಲಭ್ಯವಿಲ್ಲ.

ಮೀನು ಎಲ್ಲಿರುತ್ತದೆ ಎಂಬುದನ್ನು ಊಹಿಸುವುದಕ್ಕೂ ಇದೇ ದಾರಿ. ಆಹಾರವಿರುವುದು ದಡದ ಹತ್ತಿರ: ಹುಳು, ಹುಪ್ಪಟೆ, ಕಲ್ಲಿನಡಿಯ ಮರಿಗಳು. ಆದರೆ ಬಿಸಿಲೇರಿದಾಗ ತೆಳು ನೀರಿನಲ್ಲಿ ಅದಕ್ಕೆ ಹಿತವೂ ಇಲ್ಲ, ಮರೆಯೂ ಇಲ್ಲ. ಹಾಗಾಗಿ ಬೆಳಗ್ಗೆ ಮತ್ತು ಸಂಜೆ ದಡಕ್ಕೆ ಬರುತ್ತದೆ, ನಡುಹಗಲು ಆಳಕ್ಕೆ ಇಳಿಯುತ್ತದೆ. ದೋಣಿ ಇದ್ದವನು ಆಳಕ್ಕೆ ನೂಲು ಬಿಟ್ಟು ನಿಧಾನವಾಗಿ ಎಳೆಯುತ್ತಾ ಮಧ್ಯಾಹ್ನವೂ ಹಿಡಿದಾನು. ದಡದವನಿಗೆ ದಿನಕ್ಕೆ ಎರಡೇ ಹೊತ್ತು. ಹಿಮ ಕರಗಿದ ತೊರೆ ಬಂದು ಸೇರುವ ಬಾಯಿ, ತಿಳಿ ಹಸಿರು ನೀರು ಒಮ್ಮೆಲೇ ಕಡು ನೀಲಿಯಾಗುವ ಅಂಚು, ಈ ಎರಡು ಜಾಗ ನೋಡಿಕೊಂಡರೆ ಸಾಕು. ಮಧ್ಯಾಹ್ನ ಟೆಂಟಿನಲ್ಲಿ ಮಲಗಿದರೆ ನಷ್ಟವಿಲ್ಲ.

ನಾವು ಹೋದಾಗ ಗುರುಗ್ರಾಮದಿಂದ ಬಂದ ಒಬ್ಬ ಯುವಕ ನೀರಿನ ಅಂಚಿನಲ್ಲೇ ನಿಂತು ಹೊಳೆಯುವ ಸ್ಪಿನ್ನರನ್ನು ಶಕ್ತಿಯಿದ್ದಷ್ಟೂ ದೂರಕ್ಕೆ ಎಸೆಯುತ್ತಿದ್ದ. ನಮ್ಮ ಸಾಮಾನು ಹೊತ್ತ ಕುದುರೆಯ ಯಜಮಾನರು ಸುಮಾರು ಹೊತ್ತು ನೋಡಿದರು. ಕೊನೆಗೆ ತಡೆಯಲಾರದೆ ಹಿಂದಿಯಲ್ಲಿ ಹೇಳಿದರು: "ಮಗಾ, ಮೀನು ನಿನ್ನ ಕಾಲ ಹತ್ತಿರ ಇತ್ತು. ನೀನು ಬಂದದ್ದು ನೋಡಿ ಹೋಯಿತು. ಹತ್ತು ಹೆಜ್ಜೆ ಹಿಂದೆ ಬಂದು ಕೂತುಕೋ."

ಅವರ ಮಾತಿನಲ್ಲಿ ಭೌತಶಾಸ್ತ್ರವಿದೆ. ಬೆಳಕು ನೀರಿಗಿಳಿಯುವಾಗ ಬಾಗುವುದರಿಂದ ಎತ್ತರಕ್ಕೆ ನಿಂತವನು ಮೀನಿಗೆ ಚೆನ್ನಾಗಿ ಕಾಣುತ್ತಾನೆ, ತಗ್ಗಿ ಕುಳಿತವನು ಅಷ್ಟಾಗಿ ಕಾಣುವುದಿಲ್ಲ. ಹೆಜ್ಜೆಯ ಕಂಪನವೂ ಅದರ ಮೈಪಕ್ಕದ ಗೆರೆಗೆ ತಿಳಿಯುತ್ತದೆ. ಹುಡುಗ ಕುಳಿತ. ದಡಕ್ಕೆ ಓರೆಯಾಗಿ ಎಸೆದ. ಕತ್ತಲಾಗುವ ಮುಂಚೆ ಎರಡು ಸಿಕ್ಕಿದವು.

ಸಿಕ್ಕಿದ ಮೇಲೆ ಮುಖ್ಯ ಪ್ರಶ್ನೆ: ಎಷ್ಟು ಇಟ್ಟುಕೊಳ್ಳುವುದು? ಪರ್ಮಿಟ್‌ನ ಮಿತಿ ಇದ್ದೇ ಇದೆ. ನನ್ನ ಲೆಕ್ಕ ಅದಕ್ಕಿಂತ ಬಿಗಿ. ವರ್ಷದಲ್ಲಿ ಹಲವು ತಿಂಗಳು ಮಂಜುಗಡ್ಡೆ ಮುಚ್ಚಿದ ನೀರಿನಲ್ಲಿ ಮೇವು ಸಿಗುವುದು ಬೇಸಿಗೆಯ ಕೆಲವೇ ತಿಂಗಳು, ಹಾಗಾಗಿ ಮೀನು ಬಲು ನಿಧಾನ ಬೆಳೆಯುತ್ತದೆ. ಮೊಳದುದ್ದದ ಮೀನೆಂದರೆ ಹಲವು ಚಳಿಗಾಲ ದಾಟಿದ್ದು. ಶರತ್ಕಾಲದಲ್ಲಿ ತೊರೆಯ ಜಲ್ಲಿಕಲ್ಲಿನ ನಡುವೆ ಮೊಟ್ಟೆಯಿಡುವುದೂ ಅಂಥ ದೊಡ್ಡ ಮೀನುಗಳೇ. ಒಂದೊಂದು ಋತುವಿನಲ್ಲಿ ನೂರಾರು ಟೆಂಟು ಬೀಳುವ ಜಾಗದಲ್ಲಿ ಟೆಂಟಿಗೆ ನಾಲ್ಕರಂತೆ ಬಾಣಲೆಗೆ ಹೋದರೆ ಸರೋವರ ಎಷ್ಟು ವರ್ಷ ತಡೆದೀತು?

"ಹೊರಗಿನಿಂದ ತಂದ ಮೀನಿಗೆ ಇಷ್ಟೇಕೆ ಮರುಕ?" ಎಂದು ಒಬ್ಬ ಗೆಳೆಯರು ವಾದಿಸಿದರು. ಅವರ ಮಾತನ್ನು ತಳ್ಳಿಹಾಕಲಾರೆ. ಟ್ರೌಟ್ ಬೇಟೆಗಾರ ಮೀನು, ಸಣ್ಣ ಮೀನುಗಳನ್ನು ತಿಂದೇ ದೊಡ್ಡದಾಗುತ್ತದೆ. ಟ್ರೌಟ್ ಇಲ್ಲದ ಹೊಳೆಗೆ ಇನ್ನು ಮುಂದೆ ಅದನ್ನು ಬಿಡಬಾರದೆಂದರೆ ನಾನೂ ಕೈ ಎತ್ತುತ್ತೇನೆ. ಆದರೆ ನೂರಿಪ್ಪತ್ತು ವರ್ಷಗಳಲ್ಲಿ ಕಣಿವೆಯ ಎಷ್ಟೋ ಮನೆಗಳ ಅನ್ನ ಇದರೊಂದಿಗೆ ಬೆಸೆದಿದೆ: ಮೀನು ಸಾಕುವವರು, ಗೈಡುಗಳು, ಕುದುರೆಯವರು. ನಾಲ್ಕು ದಿನಕ್ಕೆ ಬಂದ ನಾವು ಅದನ್ನು ಬರಿದು ಮಾಡಿ ಇಳಿಯುವುದು ಸರಿಯಲ್ಲ.

ಆದ್ದರಿಂದ ಇಬ್ಬರಿಗೆ ಒಂದು ಮೀನು ಸಾಕು, ಅದೂ ನಡುಗಾತ್ರದ್ದು. ಉಳಿದವನ್ನು ಬಿಡುವುದಾದರೆ ಮೊದಲೇ ಗಾಳದ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿಕೊಳ್ಳಿ. ಕೈ ಒದ್ದೆ ಮಾಡಿಕೊಂಡೇ ಹಿಡಿಯಿರಿ, ಒಣಗೈ ತಾಗಿದರೆ ಮೈಮೇಲಿನ ಲೋಳೆ ಕಿತ್ತು ರೋಗ ಹತ್ತುತ್ತದೆ. ಫೋಟೋಗಾಗಿ ನೀರಿನಿಂದ ಹೊರಗೆ ಎತ್ತಿ ನಿಲ್ಲಬೇಡಿ.

ಇನ್ನೊಂದು ಮಾತು. ಕಾಶ್ಮೀರಿ ಪಂಡಿತರಿಗೆ ಗಂಗಾಬಲ್ ಗಂಗೆಯೇ. ತಮ್ಮ ಹಿರಿಯರ ಅಸ್ಥಿಯನ್ನು ಅವರು ಇಲ್ಲಿ ಬಿಡುತ್ತಾರೆ, ಭಾದ್ರಪದದ ಗಂಗಾಷ್ಟಮಿಗೆ ಯಾತ್ರೆ ಬರುತ್ತಾರೆ. ನಮ್ಮ ಚಾರಣದ ಕಾಲವೂ ಅದೇ. ಆ ದಿನಗಳಲ್ಲಿ ಗಾಳವನ್ನು ಚೀಲದಲ್ಲೇ ಬಿಡಿ. ಉಳಿದ ದಿನಗಳಲ್ಲೂ ಮೀನನ್ನು ನೀರಿನಿಂದ ದೂರ ಒಯ್ದು ಸೀಳಿ, ಕರುಳನ್ನು ಮಣ್ಣಿನಲ್ಲಿ ಹೂಳಿ. ಆಮೇಲೆ ಉಪ್ಪು, ಅರಿಶಿನ, ಖಾರದ ಪುಡಿ ಸವರಿ ಸಾಸಿವೆ ಎಣ್ಣೆಯಲ್ಲಿ ಹುರಿಯಿರಿ. ಟ್ರೌಟಿನಲ್ಲಿ ಸಣ್ಣ ಮುಳ್ಳು ಕಡಿಮೆ, ಮಕ್ಕಳಿಗೂ ಕೊಡಬಹುದು.